ರೆಸಾರ್ಟಿಗೂ ಪಂಚಿಂಗ್ ಮಷೀನು

"ಭಾನುವಾರ ಎಲ್ರೂ ರೆಸಾರ್ಟಿಗೆ ಬರ್ಲೇಬೇಕು. ಬರದಿದ್ರೆ ಆಬ್ಸೆಂಟ್!"

ಎಚ್‌ಆರ್ ಮೇಡಂ ಹೀಗೆಂದಾಗ, ಏನು ನೆಪ ಹೇಳಿ ತಪ್ಪಿಸಿಕೊಳ್ಳಲಿ ಎಂದು ಯೋಚಿಸತೊಡಗಿದೆ. ಹೋದ ವರ್ಷದ ಕಂಪನಿ ಔಟಿಂಗಿನಲ್ಲಿ ನನ್ನನ್ನು ವೇದಿಕೆಗೆ ಎಳೆದು ಕುಣಿಸಿದ್ದನ್ನು ಇನ್ನೂ ಮರೆತಿರಲಿಲ್ಲ. ಅಂತರಸನಹಳ್ಳಿಯ ನಮ್ಮ ಫ್ಯಾಕ್ಟರಿಗೆ ಗುಬ್ಬಿಯಿಂದ ಬರುವ, ಮಾತೇ ಆಡದ ಪ್ಯಾಕಿಂಗಿನ ಗೌರಕ್ಕ ಎದ್ದು ನಿಂತರು.

"ಆಬ್ಸೆಂಟ್ ಹಾಕ್ತೀರಾ ಅಂದ್ರೆ ಅದೂ ಡ್ಯೂಟಿನೇ ಆಯ್ತಲ್ಲ ಮೇಡಂ. ಪಂಚಿಂಗ್ ಮಷೀನ್ ಅಲ್ಲಿಗೂ ತರ್ತೀರಾ?"

ಎಲ್ಲರೂ ನಕ್ಕರು. ಸಂಜೆಯ ಹೊತ್ತಿಗೆ ನೋಟಿಸಿನಲ್ಲಿ 'ಕಡ್ಡಾಯ' ಹೊಡೆದುಹಾಕಿ 'ಇಷ್ಟವಿದ್ದವರು' ಎಂದು ಪೆನ್ನಿನಲ್ಲಿ ಬರೆದಿದ್ದರು.

ಆ ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಮಧ್ಯಾಹ್ನದವರೆಗೂ ಮನೆಯಲ್ಲಿ ಹಾಯಾಗಿ ಕೂತಿದ್ದೆ. ಸೋಮವಾರ ನೋಡಿದರೆ, ಗೌರಕ್ಕ ರೆಸಾರ್ಟಿಗೆ ಹೋಗಿ ಮನಸಾರೆ ಕುಣಿದು ಬಂದಿದ್ದರು! ಕೇಳಿದ್ದಕ್ಕೆ, "ನಂಗಿಷ್ಟ ಇತ್ತು ಕಣೇ, ಹೋದೆ" ಎಂದರು.