ಖಾನಾವಳಿಯ ಕೊನೆಯ ಮಣೆ

ಸುತ್ತಿಗೆಯ ಪೆಟ್ಟು ನನ್ನ ಕಾಲಿನ ಮೇಲೆಯೇ ಬೀಳುತ್ತಿತ್ತು, ಆದರೆ ನೋವಿರಲಿಲ್ಲ. ಬೆನ್ನಿಗೆ ಚುಚ್ಚಿದ ಮದ್ದಿನಿಂದ ಸೊಂಟದ ಕೆಳಗೆಲ್ಲ ಜೋಮು ಹಿಡಿದಿತ್ತು. ಸೈಕಲ್ಲಿನಿಂದ ಬಿದ್ದಾಗ ಕಣಕಾಲಿನ ಎಲುಬಿನ ಮೇಲ್ತುದಿ, ಮೊಣಕಾಲಿನ ಕೆಳಗೇ, ಒಳಕ್ಕೆ ಕುಸಿದಿತ್ತು. ಪುಣೆಯ ಆಸ್ಪತ್ರೆಯಲ್ಲಿದ್ದ ಧಾರವಾಡದ ಕಡೆಯ ಡಾಕ್ಟರೊಬ್ಬರು ಅದನ್ನು ಮೇಲೆತ್ತಿ, ನನ್ನ ಸೊಂಟದಿಂದಲೇ ತೆಗೆದ ಎಲುಬಿನ ಚೂರುಗಳನ್ನು ಅಡಿಯಲ್ಲಿ ತುಂಬುತ್ತಿದ್ದರು.

ನಡುವೆ ಕಟ್ಟಿದ್ದ ಬಿಳಿ ಬಟ್ಟೆಯ ಆಚೆಯಿಂದ ಕೇಳಿದರು: “ಮಾಸ್ತರ, ಊಟಕ್ಕ ಹ್ಯಾಂಗ ಕೂಡ್ತೀರಿ? ಕುರ್ಚಿ ಮ್ಯಾಲೋ, ನೆಲದ ಮ್ಯಾಲೋ?”

“ನೆಲದ ಮ್ಯಾಲ್ರೀ. ಖಾನಾವಳ್ಯಾಗ, ಎಲ್ಲಾರ ಕೂಡ.”

“ಹಂಗಾದ್ರ ಕಾಲು ಪೂರಾ ಮಡಚಬೇಕಲ್ರೀ. ಇನ್ನೊಂದೀಟು ಎತ್ತೂಣು. ಅವಸರ ಮಾಡಬ್ಯಾಡ್ರಿ, ಅಡಗಿ ಆರೂದಿಲ್ಲ.”

‘ಎಲ್ಲಾರ ಕೂಡ’ ಎಂದು ಆಗ ಅಂದೆನೋ, ಅಂದೆನೆಂದು ಆಮೇಲೆ ನಂಬಿಕೊಂಡೆನೋ, ಖಚಿತವಿಲ್ಲ. ಪುಣೆಯಲ್ಲಿ ನನ್ನ ಜೊತೆ ಉಣ್ಣುವವರು ಯಾರೂ ಇರಲಿಲ್ಲ. ಸದಾಶಿವ ಪೇಟೆಯ ಆ ಖಾನಾವಳಿಯಲ್ಲಿ ಸಾಲಿನ ಕೊನೆಯ ಮಣೆ ನನ್ನದು.

ನಾಲ್ಕು ತಿಂಗಳ ಮೇಲೆ ಅದೇ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಮೊಣಕಾಲು ಪೂರ್ತಿ ಮಡಚಿಕೊಂಡಿತು. ಇಷ್ಟು ದಿನ ಎಲ್ಲಿದ್ದಿರಿ ಎಂದು ಯಾರೂ ಕೇಳಲಿಲ್ಲ. ಈ ಊರಿನಲ್ಲಿ ನಾನು ಹೇಗೆ ಕೂತು ಉಣ್ಣುತ್ತೇನೆಂದು ಕೇಳಿದವರು ಆ ಡಾಕ್ಟರೊಬ್ಬರೇ.