ತೋರಣದ ಕರಿಮಣಿ

ಮಾರನೆಯ ದಿನ ತೋರಣವನ್ನು ನಾಗಮಂಗಲದ ತಾಲ್ಲೂಕು ಸ್ಪರ್ಧೆಗೆ ಒಯ್ಯಬೇಕಿತ್ತು. ಆ ಮಧ್ಯಾಹ್ನ ದೇವಲಾಪುರದ ನಮ್ಮ ಮನೆಯ ಹಿತ್ತಲಲ್ಲಿ ನನ್ನ ಹೆಂಡತಿ ಹುರುಳಿ ಕೇರುತ್ತಿದ್ದಳು. ಅಕ್ಕಸಾಲಿಯಾದ ನಾನು ಒಳಗೆ ಯಾರದೋ ಮೂಗುಬೊಟ್ಟಿಗೆ ಬೆಸುಗೆ ಹಾಕುತ್ತಿದ್ದೆ.

ಅವಳಿಗೆ ಮಣಿ ಪೋಣಿಸುವ ಹವ್ಯಾಸ. ಆ ಬಾಗಿಲ ತೋರಣಕ್ಕೆ ಎರಡು ವರ್ಷ ಹಿಡಿದಿತ್ತು. ತವರೂರು ಹೊಸಹೊಳಲಿನ ಗುಡಿಯ ಗೋಡೆಯ ಮೇಲಿದ್ದಂಥ ಹಂಸಗಳ ಸಾಲು, ಕೆಳಗೆ ಬಿಳಿ ಮಣಿಯ ಅಂಚು. ತಾಲ್ಲೂಕಿನಲ್ಲಿ ಮೊದಲು ಬಂದ ಕೆಲಸವಷ್ಟೇ ದಸರೆಯಲ್ಲಿ ಮೈಸೂರಿನ ಸ್ಪರ್ಧೆಗೆ ಹೋಗುತ್ತಿತ್ತು. ಮಾಡಿದವರೇ ಅಲ್ಲಿಗೆ ಬಂದು ಎಲ್ಲರೆದುರು ಒಂದು ಗೇಣು ಪೋಣಿಸಿ ತೋರಿಸಬೇಕಿತ್ತು. ಅವಳು ಮೈಸೂರನ್ನು ಕಂಡಿರಲಿಲ್ಲ.

ಬಿಳಿ ಅಂಚಿನ ನಡುವೆ ದೃಷ್ಟಿಗೆಂದು ಒಂದು ಕರಿಮಣಿ ಇತ್ತು, ಅವಳ ತಾಳಿಸರ ಕಟ್ಟುವಾಗ ಉಳಿದದ್ದು. ತೀರ್ಪು ಕೊಡುವವರು ಅದನ್ನು ತಪ್ಪೆಂದು ತಿಳಿದಾರೆಂದು ನನಗೆ ಭಯವಾಯಿತು. ಅವಳನ್ನು ಕೇಳದೆ, ಚಿಮಟದಲ್ಲಿ ಅದುಮಿ ಒಡೆದೆ. ದಾರ ತುಂಡಾಗಲಿಲ್ಲ. ಪಕ್ಕದ ಮಣಿಗಳನ್ನು ಸರಿಸಿ ಸಂದು ಮುಚ್ಚಿದೆ.

ಮೊರ ಹಿಡಿದು ಒಳಬಂದವಳು ಅಲ್ಲೇ ನಿಂತಳು.

“ಅಯ್ಯೋ, ಇದೇನ್ ಮಾಡ್ಬುಟ್ರಿ?”

“ಸುಮ್ಕಿರು ಕಣಮ್ಮಿ. ತಪ್ಪು ಅಂತ ತಳ್ಳಾಕ್ಬುಟ್ರೆ?”

ಅವಳು ನೆಲದ ಮೇಲಿನ ಚೂರುಗಳನ್ನು ಬೆರಳಿಗೆ ಅಂಟಿಸಿಕೊಂಡು ತೆಗೆದಳು. “ಇರ್ಲಿ ಬುಡಿ. ಮೈಸೂರ್ಗೆ ಹೋಗೋಕ್ ಮುಂಚೆ ಇನ್ನೊಂದ್ ಹಾಕ್ತೀನಿ.”

ನಾಗಮಂಗಲದಲ್ಲಿ ತೀರ್ಪು ಕೊಡಲು ಬಂದಿದ್ದ ಮುದುಕಿಯೊಬ್ಬರು ಅಂಚಿನುದ್ದಕ್ಕೂ ಬೆರಳಾಡಿಸಿದರು. “ದೃಷ್ಟಿಮಣಿ ಹಾಕಿಲ್ವೇನವ್ವಾ?”

ಅವಳು ನನ್ನತ್ತ ನೋಡಿ, “ಮರ್ತೋಯ್ತು ಕಣವ್ವ,” ಎಂದಳು.

ಆದರೂ ಮೊದಲ ಸ್ಥಾನದ ಚೀಟಿ ಅವಳಿಗೇ ಬಂತು. ಹಿಂತಿರುಗುವಾಗ ಗಾಡಿಯಲ್ಲಿ ಅದನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

“ಮೈಸೂರ್ನಲ್ಲಿ ನಾನ್ ಕಳ್ದೋದ್ರೆ ಹುಡುಕ್ತೀರಾ?”

“ಮೊದ್ಲು ತೋರಣ ಹುಡುಕ್ತೀನಿ.”

“ಅಂಗನ್ನಿ!” ಎಂದು ನಕ್ಕು ನನ್ನ ಮೊಣಕೈಗೆ ತಿವಿದಳು.

ಆ ಸಂಜೆಯೇ ಚಳಿಜ್ವರ ಬಂತು. ಮೊದಮೊದಲು ಕಂಬಳಿಯೊಳಗಿಂದಲೇ ದಿನ ಎಣಿಸುತ್ತಿದ್ದಳು, ದಸರೆಗೆ ಇನ್ನೆಷ್ಟು ಎಂದು. ಆಮೇಲೆ ಕೇಳಲಿಲ್ಲ. ಹನ್ನೊಂದನೆಯ ದಿನ ಹೋದಳು.

ತಿಥಿ ಮುಗಿಸಿ ನಾಗಮಂಗಲಕ್ಕೆ ಹೋಗಿ, ತೋರಣವನ್ನಾದರೂ ಮೈಸೂರಿಗೆ ಕಳಿಸಿ ಎಂದು ಸ್ಪರ್ಧೆಯ ಗುಮಾಸ್ತನನ್ನು ಕೇಳಿದೆ. ಆತ ನನ್ನ ಬೋಳಿಸಿದ ತಲೆ ನೋಡಿ ದನಿ ಇಳಿಸಿದ. “ಮಾಡ್ದೋರೇ ಬಂದು ಪೋಣಿಸ್ಬೇಕಲ್ಲಪ್ಪ. ಇಲ್ದಿದ್ರೆ ಎರಡನೇದು ಹೋಯ್ತದೆ.” ಎರಡನೆಯದೇ ಹೋಯಿತು.

ಮಣಿ ಒಡೆದರೆ ಜ್ವರ ಬರುವುದಿಲ್ಲ. ಇದು ನನಗೆ ಗೊತ್ತು. ಆದರೂ ಚಿಮಟ ಹಿಡಿದಾಗಲೆಲ್ಲ ಅದು ಒಡೆದ ಸಣ್ಣ ಸದ್ದು ಕೇಳಿಸುತ್ತದೆ.

ತೋರಣ ಒಳಬಾಗಿಲಲ್ಲಿದೆ. ನಾನು ಮುಚ್ಚಿದ ಸಂದು ಗಾಳಿಗೆ ಆಡಿ ಆಡಿ ಮತ್ತೆ ಬಿಟ್ಟುಕೊಂಡಿದೆ. ಅವಳ ತಾಳಿಸರದ ಮಣಿಗಳು ಪೆಟ್ಟಿಗೆಯಲ್ಲಿವೆ. ಒಂದನ್ನು ಪೋಣಿಸಲು ನನಗೆ ಬರುವುದಿಲ್ಲವೆಂದಲ್ಲ. ಹಾಕುತ್ತೇನೆಂದವಳು ಅವಳು. ಬಿಳಿ ಅಂಚಿನಲ್ಲಿ ಆ ಕರಿಮಣಿ ಈಗಲೂ ಇಲ್ಲ.