ಐಸ್ ಫ್ಯಾಕ್ಟರಿಗೆ ಹೊಸ ಕರ್ನಲ್

ಮನೆಯಲ್ಲಿ ಕೂತು ನಾನು ಮಾಡುವ ಕೆಲಸ ಏನೆಂದು ಉಪ್ಪುಂದದಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ವಿವರಿಸಲು ಹೋದರೆ ನನಗೇ ಸಿಟ್ಟು ಬರುತ್ತದೆ. ಕಂಪ್ಯೂಟರಿನ ಬುಡದಲ್ಲಿ ಕರ್ನಲ್ ಎಂಬ ತಂತ್ರಾಂಶವಿದೆ. ನೆಟ್‌ವರ್ಕಿನಿಂದ ಬರುವ ಮಾಹಿತಿಯಲ್ಲಿ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಬಾಗಿಲಲ್ಲೇ ತಡೆಯಬೇಕು ಎಂದು ತೀರ್ಮಾನಿಸುವುದು ಅದೇ. ಆ ತೀರ್ಮಾನಕ್ಕೆ ನಾನು ಹೊಸದೊಂದು ಚೌಕಟ್ಟು ಬರೆದಿದ್ದೆ. ಹಳೆಯದು ಹತ್ತು ಜನರ ಕೈ ತಾಗಿ ಗೋಜಲಾಗಿತ್ತು. ನನ್ನದು ಚೊಕ್ಕ, ಚುರುಕು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆದರೆ ಅದನ್ನು ಕರ್ನಲ್‌ಗೆ ಸೇರಿಸಬೇಕಾದ ದೂರದೇಶದ ಪರಿಶೀಲಕ ಪಟ್ಟು ಬಿಡಲಿಲ್ಲ. ಹಳೆಯ ಚೌಕಟ್ಟಿಗೆಂದು ಜನ ಬರೆದಿಟ್ಟ ನಿಯಮಗಳು ಒಂದಕ್ಷರ ಬದಲಾಗದೆ ಹೊಸದರಲ್ಲೂ ನಡೆಯಬೇಕು, ಅದನ್ನು ದಿನವೂ ದುಡಿಯುವ ಕಂಪ್ಯೂಟರಿನಲ್ಲೇ ತೋರಿಸಬೇಕು, ಇಲ್ಲವಾದರೆ ಇಷ್ಟು ವರ್ಷದ ಕೆಲಸ ಮರೆತುಬಿಡು ಎಂದ. ಮೈಯೆಲ್ಲ ಉರಿಯಿತು. ಅವನು ಹೇಳಿದ್ದು ಸರಿಯಾಗಿತ್ತಲ್ಲ, ಅದಕ್ಕೇ ಇನ್ನಷ್ಟು. ಹಲ್ಲು ಕಚ್ಚಿ ಕೂತು ಹಳೆಯ ನಿಯಮಗಳಿಗೂ ಜಾಗ ಮಾಡಿದೆ.

ನನ್ನಕ್ಕ ಇಲ್ಲೇ ಸಮುದ್ರದ ಹತ್ತಿರ ಐಸ್ ಫ್ಯಾಕ್ಟರಿ ನಡೆಸುತ್ತಾಳೆ. ಅಲ್ಲಿನ ಕಂಪ್ಯೂಟರು ಅಂಥ ಹಳೇ ನಿಯಮಗಳ ಮೇಲೇ ನಿಂತಿದೆ. ಅದು ಕೆಟ್ಟರೆ ಚೀಟಿ ಬರುವುದಿಲ್ಲ, ಚೀಟಿಯಿಲ್ಲದೆ ಮೀನಿನ ಬೋಟಿಗೆ ಐಸ್ ಇಲ್ಲ. ಮಳೆಗಾಲದಲ್ಲಿ ಬೋಟುಗಳೆಲ್ಲ ದಡದಲ್ಲಿರುವಾಗ ಪರೀಕ್ಷೆ ಮಾಡಬಾರದೇ ಎಂದು ಗಂಡ ಕೇಳಿದರು. ದಡದಲ್ಲಿ ಕೂತು ಈಜು ಬರುತ್ತದೆಂದರೆ ಯಾರು ನಂಬುತ್ತಾರೆ? ಸೀಸನ್ನಿನಲ್ಲೇ ಹೋದೆ.

ಅಕ್ಕನೂ ನನ್ನಂಥವಳೇ. "ನಿನ್ ಇಷ್ಟ. ಆದ್ರೆ ಬೋಟ್ ಬಪ್ಪ ಹೊತ್ತಿಗೆ ಕಂಪ್ಯೂಟರ್ ನಿಂತ್ರೆ ನಾ ಸುಮ್ನೆ ಇಪ್ಪುದಿಲ್ಲ," ಎಂದವಳೇ ಕೌಂಟರಿಗೆ ಹೋಗಿ ಕೂತಳು.

ಅವಳು ಫೋನಿನಲ್ಲಿ ಯಾರನ್ನೋ ಗದರುತ್ತಿದ್ದಾಗ ನಾನು ಒಳಕೋಣೆಯಲ್ಲಿ ನನ್ನ ಚೌಕಟ್ಟಿರುವ ಹೊಸ ಕರ್ನಲ್ ಹಾಕಿ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದೆ. ಬೋಟಿನವರು ಬಂದರು. ಕೌಂಟರಿನ ಕಡೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಐಸ್ ಪುಡಿ ಮಾಡುವ ಯಂತ್ರದ ಗದ್ದಲ ಮಾತ್ರ ಕೇಳುತ್ತಲೇ ಇತ್ತು.

ಮಧ್ಯಾಹ್ನ ಅಕ್ಕ ಬಾಗಿಲಲ್ಲಿ ಇಣುಕಿದಳು. "ಎಂತ ಮಾರಾಯ್ತಿ, ಬೋಟಿನೋರೆಲ್ಲ ಐಸ್ ತಕಂಡ್ ಹೋಯ್ ಆಯ್ತ್. ನೀ ಇನ್ನೂ ಶುರುವೇ ಮಾಡ್ಲಿಲ್ಯಾ?"

ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಚೌಕಟ್ಟು ಈಗ ಕರ್ನಲ್‌ನಲ್ಲಿದೆ, ಮೇಲೆ ನನ್ನ ಹೆಸರೂ ಇದೆ. ಹೊಗಳಿದವರು ಬೇಕಾದಷ್ಟು ಜನ. ಅಕ್ಕನಷ್ಟು ಚೆನ್ನಾಗಿ ಮಾತ್ರ ಯಾರೂ ಹೊಗಳಿಲ್ಲ.